ಹೂ ಬಿಡುವ ಕಾಲಕ್ಕೆ ಎಲ್ಲಿಗೆ ಹೋಗಿಬರುವುದು? ತುಮಕೂರಿನ ಸುತ್ತಮುತ್ತ ಹಿರಿಯರಿಗೊಂದು ಹೋಲಿಕೆ

ರಥಸಪ್ತಮಿ ಕಳೆದು ಬಿಸಿಲಿಗೆ ಸ್ವಲ್ಪ ಮೊನೆ ಮೂಡುವ ಹೊತ್ತಿಗೆ ನಮ್ಮ ಬೆಳಗಿನ ನಡಿಗೆಯ ಗೆಳೆಯರಲ್ಲಿ ಪ್ರತಿವರ್ಷವೂ ಒಂದೇ ಮಾತು ಶುರುವಾಗುತ್ತದೆ: ಈ ಸಲವಾದರೂ ಎಲ್ಲಿಗಾದರೂ ಹೋಗಿಬರೋಣ. ಒಬ್ಬರು ದೇವರಾಯನದುರ್ಗ ಎನ್ನುತ್ತಾರೆ, ಇನ್ನೊಬ್ಬರು ಕೊಕ್ಕರೆ ನೋಡಲು ಕಗ್ಗಲಡು ಎನ್ನುತ್ತಾರೆ, ಮಗ ಕಾರು ಕಳುಹಿಸುವುದಾದರೆ ನಂದಿಬೆಟ್ಟವೇ ಆಗಲಿ ಎಂದು ಮತ್ತೊಬ್ಬರು ಆಸೆ ತೋರಿಸುತ್ತಾರೆ. ಈ ಚರ್ಚೆ ಮುಗಿಯುವಷ್ಟರಲ್ಲಿ ಯುಗಾದಿ ಬಂದಿರುತ್ತದೆ, ಮುತ್ತುಗದ ಹೂವು ಉದುರಿರುತ್ತದೆ, ಬಿಸಿಲು ಯಾರನ್ನೂ ಹೊರಗೆ ಕಾಲಿಡಗೊಡುವುದಿಲ್ಲ. ಎಪ್ಪತ್ತರ ಆಚೆಗಿರುವ ನಾನೂ, ಮಂಡಿನೋವಿನ ನನ್ನ ಹೆಂಡತಿಯೂ ಕಳೆದ ಕೆಲವು ವರ್ಷಗಳಲ್ಲಿ ಈ ಜಾಗಗಳನ್ನೆಲ್ಲ ಸುತ್ತಿ, ಕೆಲವು ಕಡೆ ಸುಖಪಟ್ಟು ಕೆಲವು ಕಡೆ ಪೇಚಾಡಿ, ಒಂದು ಲೆಕ್ಕಕ್ಕೆ ಬಂದಿದ್ದೇವೆ. ಆ ಲೆಕ್ಕವನ್ನು ಇಲ್ಲಿ ಬಿಡಿಸಿ ಇಡುತ್ತಿದ್ದೇನೆ.

ಮೊದಲು ಅಳತೆಗೋಲು

ಹರೆಯದಲ್ಲಿ ಜಾಗ ಆರಿಸುವಾಗ ನಾವು ಹೋಗುವುದನ್ನಷ್ಟೇ ಯೋಚಿಸುತ್ತಿದ್ದೆವು. ಈಗ ಮರಳಿ ಬರುವುದನ್ನು ಮೊದಲು ಯೋಚಿಸಬೇಕು. ದೇವರಾಯನದುರ್ಗದ ಮೇಲಿನ ಯೋಗಾನರಸಿಂಹ ಸ್ವಾಮಿಯ ಸನ್ನಿಧಿಗೆ ನಾವಿಬ್ಬರೂ ಒಮ್ಮೆ ಹುರುಪಿನಿಂದಲೇ ಮೆಟ್ಟಿಲು ಹತ್ತಿಬಿಟ್ಟೆವು. ಹತ್ತುವಾಗ ಏದುಸಿರು ಬಿಟ್ಟರೆ ಬೇರೇನೂ ತೊಂದರೆಯಾಗಲಿಲ್ಲ. ಇಳಿಯುವಾಗ ಮಾತ್ರ ಆಕೆ ಪ್ರತಿ ಮೆಟ್ಟಿಲಿಗೂ ನಿಂತು, ಹತ್ತಿದ್ದಕ್ಕಿಂತ ದುಪ್ಪಟ್ಟು ಹೊತ್ತು ತೆಗೆದುಕೊಂಡು, ಕೆಳಗೆ ಬಂದವಳೇ ಕಟ್ಟೆಯ ಮೇಲೆ ಕುಳಿತು ಅರ್ಧ ಗಂಟೆ ಮಾತನಾಡಲಿಲ್ಲ. ಹತ್ತುವಾಗ ದಣಿಯುವುದು ಉಸಿರು, ಇಳಿಯುವಾಗ ಸವೆಯುವುದು ಮಂಡಿ; ಮಂಡಿಚಿಪ್ಪಿನ ಮೇಲೆ ಹೆಚ್ಚು ಭಾರ ಬೀಳುವುದು ಇಳಿಯುವಾಗಲೇ. ಆದ್ದರಿಂದ ಯಾವುದೇ ಜಾಗಕ್ಕೆ ನಾವು ಕೇಳುವ ಮೊದಲ ಪ್ರಶ್ನೆ, ಅಲ್ಲಿ ಎಷ್ಟು ಮೆಟ್ಟಿಲು ಇಳಿಯಬೇಕು ಎಂಬುದು.

ಎರಡನೆಯದು ಹೊತ್ತು ಮತ್ತು ನೆರಳು. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆ ಎನ್ನುವ ಮಾತು ನಮ್ಮ ಬಯಲುಸೀಮೆಯಲ್ಲಿ ಸುಳ್ಳಾಗುವುದು ಅಪರೂಪ. ಶಿವರಾತ್ರಿಗೆ ಮೊದಲು ಹನ್ನೊಂದು ಗಂಟೆಯವರೆಗೂ ಹೊರಗಿರಬಹುದು. ಕಾಮನ ಹುಣ್ಣಿಮೆ ದಾಟಿದ ಮೇಲೆ ಒಂಬತ್ತೂವರೆ, ಹತ್ತಕ್ಕೆಲ್ಲ ನೆರಳು ಸೇರಿರಬೇಕು. ವಯಸ್ಸಾದವರಿಗೆ ಬಾಯಾರಿಕೆಯ ಸೂಚನೆ ತಡವಾಗಿ ತಿಳಿಯುತ್ತದೆ. ನೀರು ಬೇಕೆನ್ನಿಸುವ ಹೊತ್ತಿಗೆ ದೇಹ ಆಗಲೇ ಒಣಗಿರುತ್ತದೆ.

ಮೂರನೆಯದನ್ನು ಹೇಳಲು ಸಂಕೋಚ, ಹೇಳದೆ ವಿಧಿಯಿಲ್ಲ: ಶೌಚಾಲಯ. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು, ಪ್ರಾಸ್ಟೇಟ್ ತೊಂದರೆ ಇರುವ ಗಂಡಸರು, ಹೊರಗೆ ಹೋಗಲು ಮುಜುಗರಪಡುವ ಹೆಂಗಸರು ಎಲ್ಲರೂ ಪ್ರವಾಸದ ದಿನ ನೀರನ್ನೇ ಕುಡಿಯದೆ ಇದಕ್ಕೆ ಪರಿಹಾರ ಕಂಡುಕೊಳ್ಳುತ್ತಾರೆ. ಇದು ಬಿಸಿಲಿನಲ್ಲಿ ತಲೆಸುತ್ತಿಗೆ ನೇರವಾದ ದಾರಿ. ಒಂದು ಪ್ರವಾಸಿ ತಾಣದಲ್ಲಿ ಶೌಚಾಲಯವೆಂಬ ಫಲಕವೇನೋ ದೊಡ್ಡದಾಗಿತ್ತು, ಬಾಗಿಲಿಗೆ ಬೀಗವೂ ಅಷ್ಟೇ ದೊಡ್ಡದಾಗಿತ್ತು. ಅಂದಿನಿಂದ ನಾವು ದಾರಿಯಲ್ಲಿ ಸಿಗುವ ಹೋಟೆಲು, ಪೆಟ್ರೋಲ್ ಬಂಕುಗಳನ್ನು ಲೆಕ್ಕಕ್ಕೆ ಸೇರಿಸಿಕೊಂಡೇ ಹೊರಡುತ್ತೇವೆ.

ಇನ್ನುಳಿದವು ಚಿಕ್ಕವು: ಬೆನ್ನಿಗೆ ಒರಗು ಸಿಗುವಂತೆ ಕೂರಲು ಜಾಗವಿದೆಯೇ, ವಾಹನ ಎಲ್ಲಿಯವರೆಗೆ ಹೋಗುತ್ತದೆ, ಖರ್ಚೆಷ್ಟು, ಮತ್ತು ನೀವು ಹೋಗುವ ವಾರ ಅಲ್ಲಿ ನೋಡಲು ನಿಜವಾಗಿಯೂ ಹೂವಿದೆಯೇ.

ಹೂವಿನ ಪಂಚಾಂಗ

ಈ ಕೊನೆಯ ಪ್ರಶ್ನೆಯಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ನಮ್ಮ ಕಡೆ ವಸಂತವೆಂಬುದು ಒಂದೇ ದಿನ ಬಂದಿಳಿಯುವುದಿಲ್ಲ. ಸಂಕ್ರಾಂತಿಯಿಂದ ಯುಗಾದಿಯವರೆಗೆ ಒಂದೊಂದು ಮರ ಸರದಿ ಹಿಡಿದು ಹೂ ಬಿಡುತ್ತದೆ. ಸಂಕ್ರಾಂತಿಯ ಆಸುಪಾಸಿನಲ್ಲಿ ಮಾವು ಹೂತು ತೋಟಗಳಲ್ಲಿ ಜೇನಿನಂಥ ವಾಸನೆ ಹರಡುತ್ತದೆ, ಎಲೆ ಕಳಚಿ ನಿಂತ ಬೂರುಗದಲ್ಲಿ ಕೆಂಪು ಬಟ್ಟಲುಗಳು ಅರಳುತ್ತವೆ. ಶಿವರಾತ್ರಿಯ ಹೊತ್ತಿಗೆ ಮುತ್ತುಗ, ಅದರ ಜೊತೆಯಲ್ಲೇ ಬಂಡೆಗಳ ನಡುವೆ ಬೆಳೆಯುವ ಅರಿಸಿನ ಬೂರುಗ. ಪಟ್ಟಣಗಳ ರಸ್ತೆಬದಿಯಲ್ಲಿ ಗುಲಾಬಿ ಬಣ್ಣದ ಟಬೂಬಿಯ. ಕಾಮನ ಹುಣ್ಣಿಮೆಯಿಂದ ಯುಗಾದಿಯವರೆಗೆ ಹೊಂಗೆ, ಬೇವು, ನೀಲಿ ಜಕರಂಡ, ಅರಳಿಯ ತಾಮ್ರಬಣ್ಣದ ಚಿಗುರು. ಕಕ್ಕೆಯ ಹಳದಿ ಗೊಂಚಲು ಮತ್ತು ಗುಲ್‌ಮೊಹರ್ ಬರುವುದು ಅದರ ನಂತರ, ಬಿಸಿಲು ಕೆರಳಿದ ಮೇಲೆ. ಅವನ್ನು ಮನೆಯ ಕಿಟಕಿಯಿಂದ ನೋಡುವುದೇ ಲೇಸು.

ಹೂವನ್ನು ಕತ್ತಿನ ಲೆಕ್ಕದಲ್ಲಿಯೂ ಆರಿಸಬೇಕೆಂಬುದನ್ನು ನಾನು ತಡವಾಗಿ ಕಲಿತೆ. ಬೂರುಗ ಮುಗಿಲಿಗೆ ಮುಟ್ಟುವ ಮರ. ಬುಡದಲ್ಲಿ ನಿಂತು ತಲೆ ಹಿಂದಕ್ಕೆ ಚಾಚಿ ಮೈನಾಗಳ ಗಲಾಟೆಯನ್ನು ನೋಡುತ್ತ ನಿಂತರೆ ಕತ್ತುನೋವಿರುವವರಿಗೆ ಕಣ್ಣು ಕತ್ತಲೆ ಬರುವುದು ಖಂಡಿತ. ಅದನ್ನು ಐವತ್ತು ಅರವತ್ತು ಹೆಜ್ಜೆ ದೂರ ಕುಳಿತು ನೋಡಬೇಕು. ಮುತ್ತುಗ ಗಿಡ್ಡ, ವಕ್ರವಕ್ರ ಕೊಂಬೆಯ ಮರ. ಕಾರಿನ ಕಿಟಕಿಯ ಎತ್ತರಕ್ಕೇ ಬೆಂಕಿ ಹತ್ತಿದಂತೆ ಕಾಣುತ್ತದೆ. ಹೊಂಗೆಗಂತೂ ತಲೆ ಎತ್ತುವ ಅಗತ್ಯವೇ ಇಲ್ಲ. ತಿಳಿನೇರಳೆ ಬೆರೆತ ಬಿಳಿಯ ಸಣ್ಣ ಹೂವುಗಳು ಅರಳು ಚೆಲ್ಲಿದ ಹಾಗೆ ನೆಲದ ಮೇಲೆ ಹಾಸಿಕೊಂಡಿರುತ್ತವೆ, ಮೇಲೆ ಹೊಸ ಎಲೆ ಮಿನುಗುತ್ತಿರುತ್ತದೆ, ಕೆಳಗೆ ನಮ್ಮ ಸೀಮೆಯ ಅತ್ಯಂತ ತಂಪಾದ ನೆರಳು ಬಿದ್ದಿರುತ್ತದೆ. ಹಿರಿಯರ ಹೂವು ಯಾವುದು ಎಂದು ಯಾರಾದರೂ ಕೇಳಿದರೆ ನಾನು ಹೊಂಗೆಯ ಹೆಸರನ್ನೇ ಹೇಳುತ್ತೇನೆ.

ನಾಮದ ಚಿಲುಮೆ ಮತ್ತು ದೇವರಾಯನದುರ್ಗ

ಇವೆರಡನ್ನೂ ಜನ ಒಂದೇ ಉಸಿರಿನಲ್ಲಿ ಹೇಳುತ್ತಾರೆ, ದಾರಿಯೂ ಒಂದೇ. ಆದರೆ ಹಿರಿಯರ ಪಾಲಿಗೆ ಇವು ಎರಡು ಬೇರೆ ಬೇರೆ ಪ್ರವಾಸಗಳು. ನಾಮದ ಚಿಲುಮೆ ತುಮಕೂರಿನಿಂದ ಸುಮಾರು 12 ಕಿ.ಮೀ. ದೂರದಲ್ಲಿ, ಕಾಡಿನ ಅಂಚಿನಲ್ಲಿದೆ. ವನವಾಸದ ಕಾಲದಲ್ಲಿ ರಾಮನಿಗೆ ನಾಮ ತೇಯಲು ನೀರು ಸಿಗದಾದಾಗ ಬಂಡೆಗೆ ಬಾಣ ಬಿಟ್ಟನೆಂದೂ, ಅಲ್ಲಿಂದ ನೀರು ಚಿಮ್ಮಿತೆಂದೂ ಕಥೆ. ಒರಳಿನಂಥ ಆ ಕಲ್ಲುಗುಳಿಯಲ್ಲಿ ನೀರು ನಿಂತಿರುವುದನ್ನು ಬಗ್ಗಿ ನೋಡಿದರೆ, ಇಷ್ಟು ಚಿಕ್ಕದಕ್ಕೆ ಇಷ್ಟು ದೊಡ್ಡ ಕಥೆಯೇ ಎಂದು ಮೊಮ್ಮಕ್ಕಳು ಕೇಳುತ್ತಾರೆ. ಪಕ್ಕದಲ್ಲಿ ಅರಣ್ಯ ಇಲಾಖೆಯ ಜಿಂಕೆವನವಿದೆ, ಸುತ್ತ ಮರಗಳ ನೆರಳಿದೆ, ವಾಹನದಿಂದ ಇಳಿದು ನಡೆಯಬೇಕಾದ ದೂರ ಕಡಿಮೆ. ಇಲ್ಲಿಗೆ ಬಂದು, ಎರಡು ಗಂಟೆ ಕುಳಿತು, ಬುತ್ತಿ ಬಿಚ್ಚಿ ತಿಂದು ಹಿಂದಿರುಗುವುದು ಪೂರ್ಣವಾದ ಪ್ರವಾಸವೇ. ಇಷ್ಟು ದೂರ ಬಂದು ಬೆಟ್ಟಕ್ಕೆ ಹೋಗದಿದ್ದರೆ ಹೇಗೆ ಎಂದು ಒತ್ತಾಯ ಮಾಡುವ ಸಂಬಂಧಿಕರು ಪ್ರತಿ ಗುಂಪಿನಲ್ಲಿಯೂ ಒಬ್ಬರಿರುತ್ತಾರೆ. ಅವರನ್ನು ಮಾತ್ರ ಮುಂದಕ್ಕೆ ಕಳುಹಿಸಬಹುದು.

ದೇವರಾಯನದುರ್ಗ ಸುಮಾರು 1,200 ಮೀಟರ್ ಎತ್ತರದ್ದು. ಊರಿಗಿಂತ ಎರಡು ಮೂರು ಡಿಗ್ರಿಯಷ್ಟು ತಂಪು. ಮೈಸೂರಿನ ಚಿಕ್ಕದೇವರಾಜ ಒಡೆಯರು ಗೆದ್ದುಕೊಂಡಿದ್ದರಿಂದ ಈ ಹೆಸರು ಬಂದಿತು. ಜಯಮಂಗಲಿ ನದಿ ಹುಟ್ಟುವುದು ಈ ಬೆಟ್ಟಗಳಲ್ಲಿಯೇ. ಭೋಗಾನರಸಿಂಹನ ದೇವಾಲಯ ಕೆಳಹಂತದಲ್ಲಿದ್ದು ವಾಹನ ಹತ್ತಿರದವರೆಗೂ ಹೋಗುತ್ತದೆ. ಯೋಗಾನರಸಿಂಹ ಮೇಲೆ, ವಾಹನ ಅಲ್ಲಿಗೂ ಸಾಕಷ್ಟು ಸಮೀಪಿಸಿದರೂ ಕೊನೆಯ ಭಾಗವನ್ನು ಮೆಟ್ಟಿಲು ಹತ್ತಿಯೇ ಸೇರಬೇಕು. ಹೂವಿನ ದೃಷ್ಟಿಯಿಂದ ಈ ದಾರಿಗೆ ಸಮನಾದದ್ದು ಜಿಲ್ಲೆಯಲ್ಲಿ ಇನ್ನೊಂದಿದೆ ಎಂದು ನನಗೆ ಅನ್ನಿಸಿಲ್ಲ. ಎಲೆಯುದುರುವ ಒಣಕಾಡು, ಮಾಘ–ಫಾಲ್ಗುಣದಲ್ಲಿ ಬೋಳಾಗಿ ಬೂದುಬಣ್ಣಕ್ಕೆ ತಿರುಗಿದಾಗಲೇ ಅದರೊಳಗಿನ ಕೇಸರಿ ಮತ್ತು ಹಳದಿ ಎದ್ದುಕಾಣುವುದು. ಆ ನೋಟಕ್ಕೆ ಮೇಲಿನ ಗುಡಿಯ ಮೆಟ್ಟಿಲು ಬೇಕಿಲ್ಲ. ಘಾಟಿರಸ್ತೆಯಲ್ಲಿ ಕಾರನ್ನು ನಿಧಾನಕ್ಕೆ ಬಿಡಿಸಿ, ಅಗಲವಿರುವ ತಿರುವಿನಲ್ಲಿ ನಿಲ್ಲಿಸಿ, ಬಾಗಿಲು ತೆರೆದು ಕುಳಿತರೆ ಸಾಕು. ಮಂಡಿ ಗಟ್ಟಿಯಿರುವವರು ಮೇಲೆ ಹೋಗಿಬರಲಿ, ಉಳಿದವರು ಭೋಗಾನರಸಿಂಹನ ಬಳಿ ಕೂರಲಿ. ಗಂಡ ಹೆಂಡತಿಯಲ್ಲಿ ಒಬ್ಬರ ಶಕ್ತಿ ಇನ್ನೊಬ್ಬರಿಗಿಂತ ಹೆಚ್ಚಿದ್ದಾಗ ಯಾರಿಗೂ ಬೇಸರವಾಗದೆ ಬೇರ್ಪಟ್ಟು ಮತ್ತೆ ಸೇರಲು ಅವಕಾಶ ಕೊಡುವ ಜಾಗ ಇದು.

ಕೊರತೆಗಳೂ ಇವೆ. ಕೋತಿಗಳ ಕಾಟ ವಿಪರೀತ. ಕೈಯಲ್ಲಿ ಪ್ಲಾಸ್ಟಿಕ್ ಚೀಲ ಕಂಡರೆ ಅದು ತಮ್ಮದೆಂದೇ ಅವು ತಿಳಿದಿವೆ, ಎಳೆದಾಟದಲ್ಲಿ ಬಿದ್ದು ಸೊಂಟ ಮುರಿದುಕೊಳ್ಳುವುದಕ್ಕಿಂತ ಚೀಲ ಬಿಟ್ಟುಕೊಡುವುದು ಒಳ್ಳೆಯದು. ಭಾನುವಾರ ಮತ್ತು ಜಾತ್ರೆಯ ದಿನಗಳಲ್ಲಿ ಘಾಟಿಯಲ್ಲಿ ವಾಹನಗಳ ಸಾಲು. ಸ್ವಂತ ವಾಹನವಿಲ್ಲದಿದ್ದರೆ ಬಸ್ಸಿನ ವೇಳೆಗೆ ನಿಮ್ಮ ದಿನವನ್ನು ಒಪ್ಪಿಸಬೇಕಾಗುತ್ತದೆ; ನಾಲ್ಕು ಜನ ಸೇರಿ ಅರ್ಧ ದಿನಕ್ಕೆ ಆಟೋ ಅಥವಾ ಕಾರು ಗೊತ್ತುಮಾಡಿಕೊಂಡರೆ ತಲೆಗೆ ಬೀಳುವ ಖರ್ಚು ತೀರಾ ಹೆಚ್ಚೇನಲ್ಲ.

ಕಗ್ಗಲಡು

ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಹೂವಿಗಾಗಿ ಹೋಗುವಂಥದ್ದೇನಿಲ್ಲ, ಆದರೆ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿ ಕೂತಿರುವುದನ್ನು ಕಂಡರೆ ಮರವೇ ಬಿಳಿ, ಗುಲಾಬಿ ಹೂ ಬಿಟ್ಟಿದೆ ಎನ್ನಿಸುತ್ತದೆ. ಇವು ವರ್ಷದ ಆರಂಭದ ತಿಂಗಳುಗಳಲ್ಲಿ ಬಂದು, ಊರ ನಡುವಿನ ಮರಗಳಲ್ಲೇ ಮೊಟ್ಟೆಯಿಟ್ಟು ಮರಿ ಮಾಡಿ, ಮಳೆಗಾಲದ ಹೊತ್ತಿಗೆ ಹೊರಡುತ್ತವೆ. ಬೂದು ಬಕಗಳೂ ಜೊತೆಗಿರುತ್ತವೆ. ಹಕ್ಕಿ ನೋಡಲು ಸಾಮಾನ್ಯವಾಗಿ ಕೆರೆಯಂಗಳದಲ್ಲಿ ನಡೆಯಬೇಕು, ದುರ್ಬೀನು ಹಿಡಿಯಬೇಕು, ತಾಳ್ಮೆಯಿಂದ ಕಾಯಬೇಕು. ಇಲ್ಲಿ ಊರಿನ ಬೀದಿಯಲ್ಲಿಯೇ ಕುರ್ಚಿ ಹಾಕಿ ಕೂತರೆ ತಲೆಯ ಮೇಲೆಯೇ ಸಂಸಾರ ನಡೆಯುತ್ತಿರುತ್ತದೆ. ಒಂದು ಮೆಟ್ಟಿಲೂ ಇಲ್ಲ, ನೆಲ ಸಮತಟ್ಟು. ಊರಿನ ಜನ ಈ ಹಕ್ಕಿಗಳನ್ನು ತಮ್ಮ ಮನೆಮಕ್ಕಳಂತೆ ಕಾಪಾಡಿಕೊಂಡು ಬಂದಿದ್ದಾರೆ. ಅವರ ಅಂಗಳದಲ್ಲಿ ನಾವು ಅತಿಥಿಗಳೆಂಬ ಎಚ್ಚರ ಇರಬೇಕು.

ತೊಡಕು ಇರುವುದು ದಾರಿಯಲ್ಲಿ. ತುಮಕೂರಿನಿಂದ ಶಿರಾಗೆ ಹೆದ್ದಾರಿಯಲ್ಲಿ ಒಂದು ಗಂಟೆಗೂ ಮೀರಿದ ಪ್ರಯಾಣ, ಅಲ್ಲಿಂದ ಮುಂದೆ ಇನ್ನೊಂದಿಷ್ಟು. ಹೋಗಿಬರುವಷ್ಟರಲ್ಲಿ ಮೂರು ಗಂಟೆ ಕುಳಿತೇ ಕಳೆಯುತ್ತದೆ, ಬೆನ್ನುನೋವಿರುವವರಿಗೆ ಇದು ಮೆಟ್ಟಿಲಿಗಿಂತ ಕಷ್ಟ. ಹೆದ್ದಾರಿಯ ಹೋಟೆಲಿನಲ್ಲಿ ಇಳಿದು ಎರಡು ನಿಮಿಷ ಓಡಾಡಿ, ಶೌಚಾಲಯದ ಕೆಲಸವನ್ನೂ ಅಲ್ಲಿಯೇ ಮುಗಿಸಿಕೊಂಡು ಮುಂದುವರಿಯಬೇಕು. ಹಳ್ಳಿಯಲ್ಲಿ ಅಂಥ ಅನುಕೂಲವನ್ನು ನಿರೀಕ್ಷಿಸುವುದು ತಪ್ಪು. ಬಿಸಿಲೇರಿದ ಮೇಲೆ ಹಿಕ್ಕೆಯ ವಾಸನೆ ಬಲವಾಗುತ್ತದೆ. ಮರದ ನೇರ ಕೆಳಗೆ ನಿಲ್ಲುವವರು ಛತ್ರಿ ಬಿಚ್ಚಿಕೊಂಡಿರಬೇಕು, ಬಿಸಿಲಿಗಾಗಿ ಅಲ್ಲ.

ನಂದಿ: ಬೆಟ್ಟವೋ, ಬುಡವೋ

ಮಕ್ಕಳು ಬೆಂಗಳೂರಿನಿಂದ ಕಾರು ತರುವ ಮನೆಗಳಲ್ಲಿ ನಂದಿಬೆಟ್ಟದ ಮಾತು ಬಂದೇ ಬರುತ್ತದೆ. ತುಮಕೂರಿನಿಂದ ದೊಡ್ಡಬಳ್ಳಾಪುರದ ಮೇಲೆ ಹೋದರೆ ಎರಡು ಗಂಟೆಯ ದಾರಿ. 1,478 ಮೀಟರ್ ಎತ್ತರದ ಬೆಟ್ಟ, ಕೆಳಗಿನ ಚಿಕ್ಕಬಳ್ಳಾಪುರಕ್ಕಿಂತ ಮೂರು ನಾಲ್ಕು ಡಿಗ್ರಿ ತಂಪು, ಮೇಲೆ ಹಳೆಯ ಮರಗಳ ನೆರಳು, ತೋಟಗಾರಿಕೆ ಇಲಾಖೆಯ ಕೈತೋಟ, ಇವೆಲ್ಲ ನಿಜ. ಆದರೆ ವಾರಾಂತ್ಯದಲ್ಲಿ ಸೂರ್ಯೋದಯ ನೋಡಲು ಬರುವ ಹುಡುಗರ ಬೈಕುಗಳ ನಡುವೆ ನಸುಕಿನಲ್ಲಿ ಸಾಲು ನಿಲ್ಲುವುದು, ವಾಹನ ಬಿಡುವ ನಿಯಮಗಳು ಆಗಾಗ ಬದಲಾಗುವುದು, ಮೇಲೆ ತಲುಪಿದ ನಂತರವೂ ಏರುತಗ್ಗಿನ ದಾರಿಯಲ್ಲಿ ನಡೆಯಬೇಕಾಗುವುದು, ಇವೂ ಅಷ್ಟೇ ನಿಜ. ನಸುಕಿನ ತಣ್ಣನೆ ಗಾಳಿ ಆಸ್ತಮಾ ಇರುವವರಿಗೆ ಆಗಿಬರುವುದಿಲ್ಲ. ವಾರದ ನಡುವಿನ ದಿನ, ಒಂಬತ್ತರ ನಂತರ, ಕಾರು ಮೇಲಿನವರೆಗೆ ಹೋಗುತ್ತದೆಂದು ವಿಚಾರಿಸಿಕೊಂಡು ಹೊರಟರೆ ಮಾತ್ರ ಬೆಟ್ಟವನ್ನು ನಾನು ಒಪ್ಪುತ್ತೇನೆ.

ಅದಕ್ಕಿಂತ ಹಿರಿಯರಿಗೆ ಹೆಚ್ಚು ಹೊಂದುವುದು ಬೆಟ್ಟದ ಬುಡದ ನಂದಿ ಗ್ರಾಮ. ಅಲ್ಲಿನ ಭೋಗನಂದೀಶ್ವರ ದೇವಾಲಯದ ಮೂಲ 9ನೆಯ ಶತಮಾನದಷ್ಟು ಹಿಂದಕ್ಕೆ ಹೋಗುತ್ತದೆ. ಅರುಣಾಚಲೇಶ್ವರ, ಉಮಾಮಹೇಶ್ವರ, ಭೋಗನಂದೀಶ್ವರ ಮೂರೂ ಒಂದೇ ಆವರಣದಲ್ಲಿ. ಕಲ್ಯಾಣಮಂಟಪದ ಕಂಬಗಳ ಬಳ್ಳಿ, ಗಿಳಿಗಳ ಕೆತ್ತನೆಯನ್ನು ಹತ್ತಿರದಿಂದ ನೋಡುತ್ತ ಗಂಟೆಗಟ್ಟಲೆ ಕೂರಬಹುದು, ಶೃಂಗಿತೀರ್ಥದ ಕಲ್ಯಾಣಿಯನ್ನು ಮೆಟ್ಟಿಲು ಇಳಿಯದೆ ಮೇಲಿನಿಂದಲೇ ನೋಡಬಹುದು, ಬೆಟ್ಟ ಎದುರಿಗೆ ನಿಂತಿರುತ್ತದೆ. ಒಂದು ಎಚ್ಚರಿಕೆ: ಚಪ್ಪಲಿ ಹೊರಗೆ ಬಿಟ್ಟ ಮೇಲೆ ಪ್ರಾಕಾರದ ಕಲ್ಲುಹಾಸು ಹನ್ನೊಂದರ ಹೊತ್ತಿಗೆ ಹಂಚಿನಂತೆ ಕಾಯುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂದವಾಗಿರುವವರಿಗೆ ಸುಟ್ಟದ್ದು ಗೊತ್ತಾಗುವುದು ಮನೆಗೆ ಬಂದು ಬೊಬ್ಬೆ ಕಂಡ ಮೇಲೆ. ದಪ್ಪನೆಯ ಹತ್ತಿಯ ಕಾಲುಚೀಲ ಜೇಬಿನಲ್ಲಿರಲಿ. ಶಿವರಾತ್ರಿಯ ಜಾತ್ರೆಯ ದಿನಗಳನ್ನು ಬಿಟ್ಟು ಹೋಗುವುದು ವಾಸಿ.

ಹತ್ತಿರದವು, ಅಗ್ಗದವು

ದೂರ ಹೋಗಲಾರದವರಿಗೆ ಊರಲ್ಲೇ ಆಯ್ಕೆಗಳಿವೆ. ಸಿದ್ಧಗಂಗೆಯ ಬೆಟ್ಟ ಹತ್ತದೆಯೇ ಕೆಳಗಿನ ಮಠದ ಆವರಣದಲ್ಲಿ ಕುಳಿತು ಬರಬಹುದು, ಕ್ಯಾತ್ಸಂದ್ರದಲ್ಲಿ ತಟ್ಟೆಇಡ್ಲಿಯೂ ಆಗುತ್ತದೆ. ಇಲ್ಲಿಯೂ ಶಿವರಾತ್ರಿಯ ಜಾತ್ರೆ, ದನಗಳ ಪರಿಷೆಯ ಸಮಯ ಜನಸಾಗರ. ಪರಿಷೆಯನ್ನೇ ನೋಡುವ ಆಸೆಯಿದ್ದವರಿಗೆ ಅದು ಬೇರೆ ಸುಖ, ಹೂವಿನದಲ್ಲ. ಕೈದಾಳದ ಚೆನ್ನಕೇಶವ ದೇವಾಲಯ ನಗರದ ಪಕ್ಕದಲ್ಲೇ ಇದ್ದೂ ಸದ್ದಿಲ್ಲದ ಜಾಗ. ಜಕಣಾಚಾರಿ ತನ್ನ ಕೈ ಮರಳಿ ಪಡೆದ ಊರೆಂಬ ಐತಿಹ್ಯವನ್ನು ಮೊಮ್ಮಕ್ಕಳಿಗೆ ಹೇಳಲು ಅರ್ಧ ಗಂಟೆ ಸಾಲದು. ಅಮಾನಿಕೆರೆಯ ನಡಿಗೆಯ ಹಾದಿ ಎಲ್ಲಕ್ಕಿಂತ ಅಗ್ಗ, ಬೇಡವೆನ್ನಿಸಿದ ಕ್ಷಣ ಮನೆಗೆ ಹಿಂದಿರುಗಬಹುದೆಂಬುದೇ ಅದರ ದೊಡ್ಡ ಗುಣ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗಗಳ ಬಯಲನ್ನೂ ಕೆಲವರು ಹೇಳುತ್ತಾರೆ. ಹುಲ್ಲುಗಾವಲು ಸುಂದರವೇ, ಆದರೆ ಹೆಸರಿಗೆ ತಕ್ಕಂತೆ ಬಯಲು, ನೆರಳಿಲ್ಲ. ನಮ್ಮ ಪಟ್ಟಿಯಿಂದ ಅದನ್ನು ತೆಗೆದುಹಾಕಿದ್ದೇನೆ. ಗಣರಾಜ್ಯೋತ್ಸವದ ಹೊತ್ತಿನ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನಕ್ಕೆ ರೈಲಿನಲ್ಲಿ ಹೋಗಿಬರಬಹುದಾದರೂ, ಅಲ್ಲಿ ಹೂವಿಗಿಂತ ಮುಂದಿನವರ ಬೆನ್ನನ್ನೇ ಹೆಚ್ಚು ನೋಡಬೇಕಾಗುತ್ತದೆ.

ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಆಯ್ಕೆಯೊಂದಿದೆ: ನೆಂಟರ ತೋಟ. ಮಾವು ಹೂತಿರುವಾಗ, ಹೊಂಗೆ ಚಿಗುರಿರುವಾಗ ಬಾವಿಕಟ್ಟೆಯ ಪಕ್ಕದಲ್ಲಿ ಮಂಚ ಹಾಕಿಸಿಕೊಂಡು ಮಲಗುವ ಸುಖಕ್ಕೆ ಪ್ರವೇಶಶುಲ್ಕವಿಲ್ಲ, ಶೌಚಾಲಯದ ಚಿಂತೆಯಿಲ್ಲ, ಮಧ್ಯಾಹ್ನದ ಬಿಸಿಲನ್ನು ಒಳಗೆ ಕಳೆದು ಸಂಜೆ ಮರಳಬಹುದು. ನನ್ನ ಅಳತೆಗೋಲುಗಳೆಲ್ಲದರಲ್ಲಿಯೂ ಇದು ಮೊದಲು ನಿಲ್ಲುತ್ತದೆ. ಒಂದೇ ಅಪಾಯ ಉಪಚಾರ. ಒಬ್ಬಟ್ಟು, ಅದರ ಮೇಲೆ ತುಪ್ಪ, ಬೇಡವೆಂದಷ್ಟೂ ಎಲೆಗೆ ಬೀಳುವ ಅನ್ನ. ಮಧುಮೇಹಿಗಳು ಹೋಗುವ ಮೊದಲೇ ಫೋನಿನಲ್ಲಿ ರಾಗಿಮುದ್ದೆ, ಸೊಪ್ಪಿನ ಸಾರಿನ ಮಾತನ್ನು ಗಟ್ಟಿ ಮಾಡಿಕೊಂಡಿರಬೇಕು. ಮಂಚವನ್ನು ತೆಂಗಿನ ಕೆಳಗೆ ಹಾಕಿಸಬೇಡಿ. ಕಾಯಿ ಬೀಳದಿದ್ದರೂ ಗರಿ ಬೀಳುತ್ತದೆ. ಅಂಚಿನಲ್ಲಿ ಕಾಂಗ್ರೆಸ್ ಗಿಡ ಬೆಳೆದಿದ್ದರೆ ಅತ್ತ ಸುಳಿಯಬೇಡಿ. ಮುತ್ತುಗ, ಬೂರುಗದ ಹೂಗಳ ಪರಾಗವನ್ನು ಹಕ್ಕಿ ಮತ್ತು ಜೇನು ಹೊತ್ತೊಯ್ಯುವುದರಿಂದ ಅವು ಉಸಿರಿಗೆ ತೊಂದರೆ ಕೊಡುವುದು ಕಡಿಮೆ. ಸೀನು, ಉಬ್ಬಸ, ಚರ್ಮದ ತುರಿಕೆಗೆ ಕಾರಣವಾಗುವುದು ಹೆಚ್ಚಾಗಿ ಈ ಕಾಂಗ್ರೆಸ್ ಗಿಡ, ಬಳ್ಳಾರಿ ಜಾಲಿಗಳಂಥವು.

ಯಾರಿಗೆ ಯಾವುದು

ಮಂಡಿಯದೇ ಮುಖ್ಯ ತೊಂದರೆಯಾದರೆ ನಾಮದ ಚಿಲುಮೆ, ನಂದಿ ಗ್ರಾಮ, ಕಗ್ಗಲಡು ಈ ಕ್ರಮದಲ್ಲಿ ಯೋಚಿಸಿ. ಮೆಟ್ಟಿಲು ಅನಿವಾರ್ಯವಾದಲ್ಲಿ ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು ಇಡುವುದು ಎಂದು ವ್ಯಾಯಾಮ ಚಿಕಿತ್ಸೆಯವರು ಕಲಿಸಿಕೊಡುತ್ತಾರೆ. ಕೈಹಿಡಿ ಇರುವ ಬದಿಯಲ್ಲೇ ನಡೆಯಿರಿ. ಬೆನ್ನುನೋವಿನವರಿಗೆ ಲೆಕ್ಕ ಬೇರೆ: ಕಗ್ಗಲಡು, ನಂದಿ ಬೇಡ, ಹತ್ತಿರದ್ದೇ ಸರಿ. ಹೃದಯದ ತೊಂದರೆಯಿರುವವರು ಬೆಟ್ಟದ ಮಾತನ್ನು ವೈದ್ಯರ ಮುಂದಿಟ್ಟು ನಿರ್ಧರಿಸಬೇಕು. ಮೂತ್ರದ ಮಾತ್ರೆಯನ್ನು ಪ್ರವಾಸದ ದಿನ ತಾವಾಗಿಯೇ ಬಿಡುವುದಕ್ಕೆ ಬದಲು, ಅದನ್ನು ಯಾವ ಹೊತ್ತಿಗೆ ತೆಗೆದುಕೊಳ್ಳಬಹುದೆಂದು ಅವರನ್ನೇ ಕೇಳುವುದು ಕ್ಷೇಮ. ಇನ್ಸುಲಿನ್ ಅಥವಾ ಸಕ್ಕರೆ ಮಾತ್ರೆ ತೆಗೆದುಕೊಂಡು, ದಾರಿಯಲ್ಲಿ ತಿಂಡಿ ತಿಂದರಾಯಿತು ಎಂದು ಹೊರಟು, ವಾಹನದ ಸಾಲಿನಲ್ಲಿ ಸಿಕ್ಕಿಕೊಂಡರೆ ಸಕ್ಕರೆ ಇಳಿದು ಬೆವರು, ನಡುಕ ಶುರುವಾಗುತ್ತದೆ. ತಿಂಡಿ ತಿಂದೇ ಹೊರಡಿ, ಜೇಬಿನಲ್ಲಿ ಬೆಲ್ಲದ ಚೂರೊಂದು ಇರಲಿ.

ಖರ್ಚಿನ ವಿಷಯದಲ್ಲಿ ಹೆಂಗಸರದು ಈಗ ಮೇಲುಗೈ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಮತ್ತು ವೇಗದೂತ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟಿಗೆ ಹಣವಿಲ್ಲ. ಅರವತ್ತು ದಾಟಿದ ಗಂಡಸರಿಗೆ ಕೆಎಸ್‌ಆರ್‌ಟಿಸಿಯಲ್ಲಿ ಶೇ. 25 ರಿಯಾಯಿತಿಯಿದೆ, ವಯಸ್ಸು ತೋರಿಸುವ ಗುರುತಿನ ಚೀಟಿ ಕೈಯಲ್ಲಿರಬೇಕು. ರೈಲಿನ ಹಿರಿಯರ ರಿಯಾಯಿತಿಯನ್ನು 2020ರಲ್ಲಿ ನಿಲ್ಲಿಸಿದ್ದರಿಂದ ಹಳೆಯ ಲೆಕ್ಕದಲ್ಲಿ ಹೊರಡಬೇಡಿ. ಹಾಗೆಂದು ಬಸ್ಸು ಎಲ್ಲ ಕಡೆಗೂ ಹೊಂದುವುದಿಲ್ಲ: ಶಿರಾವರೆಗೆ ಬಸ್ಸು ಧಾರಾಳ, ಅಲ್ಲಿಂದ ಕಗ್ಗಲಡುವಿಗೆ ಆಟೋ ಮಾಡಿಕೊಂಡರೆ ಸುಲಭ, ನಂದಿ ಗ್ರಾಮಕ್ಕೆ ತುಮಕೂರಿನಿಂದ ಬಸ್ಸು ಬದಲಿಸುತ್ತ ಹೋಗುವುದು ಎಪ್ಪತ್ತರ ದೇಹಕ್ಕೆ ಉಳಿತಾಯವಲ್ಲ. ದುಡ್ಡು ಕಡಿಮೆಯಿದ್ದರೆ ಹತ್ತಿರದ ಜಾಗಕ್ಕೆ ಎರಡು ಸಲ ಹೋಗಿ, ಶಿವರಾತ್ರಿಗೆ ಒಮ್ಮೆ ಮುತ್ತುಗಕ್ಕೆ, ಯುಗಾದಿಯ ಮುಂಚೆ ಒಮ್ಮೆ ಹೊಂಗೆಗೆ.

ಒಂಟಿಯಾಗಿರುವವರು, ವಿಶೇಷವಾಗಿ ಸಂಗಾತಿಯನ್ನು ಕಳೆದುಕೊಂಡ ಮೊದಲ ವರ್ಷದಲ್ಲಿರುವವರು, ಇಡೀ ದಿನದ ಪ್ರವಾಸಕ್ಕೆ ಒಪ್ಪದಿರಬಹುದು. ಅವರನ್ನು ಒತ್ತಾಯಿಸದೆ ಅಮಾನಿಕೆರೆಗೆ ಅರ್ಧ ಗಂಟೆಗೆಂದು ಕರೆದುಕೊಂಡು ಹೋಗಿ. ನಮ್ಮ ಗುಂಪಿನ ಒಬ್ಬರು ಹೀಗೆ ಬಂದು, ಮೂರನೆಯ ವಾರ ತಾವೇ ನಾಮದ ಚಿಲುಮೆಯ ಮಾತೆತ್ತಿದರು. ಮೊಮ್ಮಕ್ಕಳು ಜೊತೆಗಿದ್ದರೆ ಜಿಂಕೆ ಮತ್ತು ಕೊಕ್ಕರೆ ಗೆಲ್ಲುತ್ತವೆ, ಶಿಲ್ಪ ಸೋಲುತ್ತದೆ.

ಎಲ್ಲಿಗೇ ಹೋದರೂ ಹೆಜ್ಜೇನಿನ ಬಗ್ಗೆ ಒಂದು ಮಾತು. ಮರಗಳು ಹೂತಿರುವ ಈ ಕಾಲದಲ್ಲಿಯೇ ಅವು ಬಂಡೆಯ ಚಾಚಿನಲ್ಲಿ, ದೊಡ್ಡ ಮರದ ಕೊಂಬೆಯಲ್ಲಿ, ಗೋಪುರದ ಸಂದಿಯಲ್ಲಿ ಹಲ್ಲೆ ಕಟ್ಟುವುದು. ಸೆಂಟು ಹಾಕಿಕೊಂಡು ಹೋಗಬೇಡಿ, ಕೆಳಗೆ ಹೊಗೆಯೆಬ್ಬಿಸಬೇಡಿ, ಹಲ್ಲೆ ಕಂಡರೆ ಅಲ್ಲಿ ಬುತ್ತಿ ಬಿಚ್ಚಬೇಡಿ. ನಾವು ಓಡಿ ತಪ್ಪಿಸಿಕೊಳ್ಳುವ ವಯಸ್ಸಿನವರಲ್ಲ. ಒರಗಲು ಸಣ್ಣ ಮಡಿಚುಕುರ್ಚಿ, ನೀರು, ಮಜ್ಜಿಗೆ, ಮಾತ್ರೆಗಳ ಪಟ್ಟಿ ಬರೆದ ಚೀಟಿ, ಮಕ್ಕಳ ಫೋನ್ ಸಂಖ್ಯೆ ಬಟ್ಟೆಯ ಚೀಲದಲ್ಲಿರಲಿ.

ನಮ್ಮಿಬ್ಬರ ಮಟ್ಟಿಗೆ ಈ ಸಲದ ತೀರ್ಮಾನ ಆಗಿದೆ. ಶಿವರಾತ್ರಿಯ ಮರುವಾರದ ಒಂದು ಬುಧವಾರ ಬೆಳಗ್ಗೆ ಏಳಕ್ಕೆ ಹೊರಟು, ದುರ್ಗದ ಘಾಟಿಯ ಅಗಲವಾದ ತಿರುವಿನಲ್ಲಿ ಮುತ್ತುಗ ನೋಡಿ, ಇಳಿಯುವಾಗ ನಾಮದ ಚಿಲುಮೆಯಲ್ಲಿ ಬುತ್ತಿ ಬಿಚ್ಚುವುದು. ಬುತ್ತಿ ಚಿತ್ರಾನ್ನವೋ ಅವಲಕ್ಕಿಯೋ ಎಂಬುದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ.